ಗಣಿತದ ಪುಸ್ತಕಕ್ಕೆ ಇರುವೆ

ಸ್ಟುಟ್‌ಗಾರ್ಟ್, ಜರ್ಮನಿ, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ಅವ್ವನಿಗೂ ಭಾವನವರಿಗೂ ತಿಳಿಸು. ನಾನು ಕ್ಷೇಮ.

ನಿನ್ನ ಪತ್ರ ಓದಿದಂದಿನಿಂದ ರಾತ್ರಿ ಪಾಳಿಯಲ್ಲಿ ಕೈ ಕೆಲಸ ಮಾಡುತ್ತದೆ, ಮನಸ್ಸು ಮದ್ದೂರಿನಲ್ಲೇ ಇರುತ್ತದೆ. ಪುಟ್ಟನಿಗೆ ಗಣಿತದಲ್ಲಿ 11, ಕನ್ನಡದಲ್ಲಿ 78 ಅಂತೆ. 'ತಲೆ ಓಡುವುದಿಲ್ಲ, ಎಂಟನೆಯದು ಮುಗಿಸಿ ಆಲೆಮನೆಯಲ್ಲೇ ಇರಲಿ' ಎಂದರಂತೆ ಭಾವ. ದಡ್ಡನಾಗಿದ್ದರೆ ಎರಡರಲ್ಲೂ ದಡ್ಡನಾಗಬೇಕಿತ್ತಲ್ಲವೇ? ಅವನ ವೇಳಾಪಟ್ಟಿ ತೆಗೆದು ನೋಡು. ಗಣಿತ ಮೊದಲ ಪೀರಿಯಡ್, ಕನ್ನಡ ಮಧ್ಯಾಹ್ನ. ಬೆಳಗಿನ ಜಾವ ಮೂರಕ್ಕೆ ಎದ್ದು, ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳಿ, ಹೊಗೆ ಕುಡಿದು ಓಡಿದವನು ಹತ್ತಕ್ಕೆ ಸಮೀಕರಣ ಬಿಡಿಸುತ್ತಾನೆಯೇ? ಹಾಜರಿ ಪುಸ್ತಕದಲ್ಲಿ ಇದ್ದಾನೆ, ಬೆಂಚಿನ ಮೇಲೆ ತೂಕಡಿಸುತ್ತಿದ್ದಾನೆ. ಪದ್ಯಕ್ಕಾದರೆ ನಡುವೆ ಬಂದು ಸೇರಿಕೊಳ್ಳಬಹುದು. ಗಣಿತದಲ್ಲಿ ಇವತ್ತಿನದು ತಪ್ಪಿದರೆ ನಾಳೆಯದೂ ಹೋಯಿತು.

ಸಂಕ್ರಾಂತಿಗೆ ಬಂದಾಗ ಅವನ ಗಣಿತದ ಪುಸ್ತಕಕ್ಕೆ ಇರುವೆ ಮುತ್ತಿದ್ದವು, ನೆನಪಿದೆಯೇ? ಹಾಳೆಯ ಅಂಚಿಗೆಲ್ಲ ಬೆಲ್ಲದ ಬೆರಳಚ್ಚು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

'ಚಿಕ್ಕಪ್ಪನ ಆಲೆಮನೆ, ನಮ್ಮದೇ ತಾನೇ' ಎಂಬ ಮಾತು ಬೇಡ. 14 ತುಂಬದವರು ಮನೆಯವರ ಕಸುಬಿಗೆ ಕೈಜೋಡಿಸಬಹುದೆಂದು ನಮ್ಮ ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ ಹೇಳುವುದು ನಿಜ. ಆದರೆ ಕೆಲಸ ಅಪಾಯದ್ದಾಗಿರಕೂಡದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ದಿನಕ್ಕೆ ಮೂರು ಗಂಟೆ ಮೀರಕೂಡದು ಎಂದು 2017ರ ನಿಯಮಗಳಲ್ಲಿದೆ. ಕುದಿಯುವ ಕೊಪ್ಪರಿಗೆಯ ಪಕ್ಕ ನಿದ್ದೆಗಣ್ಣಿನ ಹುಡುಗ ಎಂದರೆ ನನಗೆ ಎದೆ ಝಲ್ಲೆನ್ನುತ್ತದೆ.

ಇಲ್ಲಿಯೂ ಮಕ್ಕಳು ದುಡಿಯುತ್ತಾರೆ, ಗೊತ್ತೇ? 13 ತುಂಬಿರಬೇಕು, ಹೆತ್ತವರು ಒಪ್ಪಬೇಕು, ಹಗುರ ಕೆಲಸ, ದಿನಕ್ಕೆ ಎರಡೇ ಗಂಟೆ. ಹೊಲಮನೆಯವರ ಮಕ್ಕಳಿಗೆ ಮೂರು. ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗಿ ಶಾಲೆ ಮುಗಿಸಿಯೇ ಬರುತ್ತಾಳೆ, ಆರರೊಳಗೆ ಮನೆ ಸೇರುತ್ತಾಳೆ. ಬಿಸಿಲು ಜಾಸ್ತಿಯಾದರೆ ಶಾಲೆಯನ್ನೇ ಬೇಗ ಬಿಡುತ್ತಾರೆ. ಮಂಡ್ಯದ ಏಪ್ರಿಲ್ ಕಂಡರೆ ಇವರು ವರ್ಷವಿಡೀ ರಜೆ ಕೊಟ್ಟಾರು! ಆದರೆ ಮಗ್ಗಿಯಲ್ಲಿ ನಾವೇ ಮುಂದು. ಔಷಧಿಯ ಲೆಕ್ಕವನ್ನು ನಾನು ಬಾಯಲ್ಲೇ ಹಾಕಿದರೆ ವಾರ್ಡಿನವರು ಕಣ್ಣರಳಿಸುತ್ತಾರೆ. ಆ ಮಗ್ಗಿ ಹೇಳಿಕೊಟ್ಟವಳು ನೀನು. ಮರುವರ್ಷವೇ ನಿನ್ನನ್ನು ಶಾಲೆ ಬಿಡಿಸಿ ದನದ ಹಿಂದೆ ಕಳಿಸಿದರು.

ಭಾವನ ಬೆನ್ನು ನೆಟ್ಟಗಾಗುವವರೆಗೆ ಒಲೆಗೆ ಒಬ್ಬ ಆಳು ಇಡಿ. ಕೂಲಿ ನಾನು ಕಳಿಸುತ್ತೇನೆ. ಅವರಿಗೆ ಮುಜುಗರವಾದರೆ ಸಾಲವೆಂದೇ ಬರೆದುಕೊಳ್ಳಲಿ. ನನಗೆ ಹಣದ ತೊಂದರೆ ಏನೂ ಇಲ್ಲ, ನಿಜವಾಗಿಯೂ ಇಲ್ಲ. ಹೊಸ ಕೋಟು ಕೊಂಡಿದ್ದೇನೆ, ಎರಡು ಹೊತ್ತು ಅನ್ನ ಮಾಡಿಕೊಳ್ಳುತ್ತೇನೆ, ಕೆಮ್ಮೂ ಹೋಗಿದೆ.

ಟ್ರಾಮ್ ಹೊತ್ತಾಯಿತು. ಅವ್ವನ ಮಾತ್ರೆ ಮರೆಯಬೇಡ. ಪುಟ್ಟನನ್ನು ನಾಳೆ ಎಬ್ಬಿಸಬೇಡ.

ನಿನ್ನ ತಂಗಿ,
ಸವಿತಾ