ನೆಲಕ್ಕ ಮೊದಲು ಯಾವುದು ತಾಗಬೇಕು?

ಕೋಥರೂಡ, ಪುಣೆ

ದೋಸ್ತ,

ಬಿದ್ದಾಗ ಗಾಡಿ ಕಾಯೋ ಸ್ಲೈಡರನ್ನ ನಿನ್ನ ಬೈಕಿಗೆ ಹಾಕಿಸಲೋ ಬ್ಯಾಡೋ, ಒಂದೇ ಶಬ್ದದಾಗ ಹೇಳು ಅಂದೀ. ಹಾಕಿಸು. ನಿನ್ನ ಪಾಲಿನ ಪತ್ರ ಇಲ್ಲಿಗೆ ಮುಗೀತು. ಉಳಿದದ್ದು ಇಲ್ಲಿ ಇಣುಕೋ ಮಂದಿಗೆ. ನೀ ಪೂರ್ತಿ ಓದೋ ಪೈಕಿ ಅಲ್ಲಂತ ಗೋಧಿಹುಗ್ಗಿ ಪ್ರಕರಣದಾಗ ಎಲ್ಲಾರಿಗೂ ಗೊತ್ತಾಗೇದ.

ಅಂಗಡಿಯವ ಮೊದಲು ಪೈಪಿನ ಕ್ರ್ಯಾಶ್ ಗಾರ್ಡ್ ತೋರಸ್ತಾನ. ಚಾಕಣದಾಗ ಹುಟ್ಟಿದ ನಿನ್ನ ಕೆಟಿಎಂ ಆರ್‌ಸಿ 390 ಬೈಕಿಗೆ ಅದನ್ನ ಹಾಕೋದಂದ್ರ ಕುದುರಿಗೆ ನೊಗ ಕಟ್ಟಿದಂಗ. ತಿರುವಿನ್ಯಾಗ ಬಾಗಿದಾಗ ಪೈಪು ರಸ್ತಿಗೆ ತಾಗಿದ್ರ ಟೈರಿನ ಮ್ಯಾಲಿನ ಭಾರ ಪೈಪಿಗೆ ಹೋಗ್ತದ, ಹಿಡಿತ ಬಿಡ್ತದ. ನಿಂತಲ್ಲೇ ಬಿದ್ದಾಗ ಉಪಯೋಗ, ಅಷ್ಟೇ.

ಸ್ಲೈಡರ್ ಬ್ಯಾರೆ. ಬದಿಗೆ ಬೋಲ್ಟಿನಿಂದ ಬಿಗಿಯೋ ಗಟ್ಟಿ ಪ್ಲಾಸ್ಟಿಕ್ ಗುಬಟು, ಅಸಿಟಾಲ್ ಅಥವಾ ನೈಲಾನಿನದು. ಅದು ಸವಕೊಂತ ಜಾರಬೇಕು, ರಸ್ತಿ ಕಚ್ಚಬಾರದು. ಅದಕ್ಕ ರಬ್ಬರಿನದು ಬ್ಯಾಡ. ಬೋಲ್ಟಿನ ತಲಿ ಗುಬಟಿನೊಳಗ ಆಳಕ್ಕ ಕುಂತಿರಬೇಕು, ಇಲ್ಲಂದ್ರ ಪ್ಲಾಸ್ಟಿಕ್ ಸವದ ಮ್ಯಾಲೆ ಲೋಹ ನೆಲಕ್ಕ ಹತ್ತತದ. ಫೇರಿಂಗಿನಿಂದ, ಅಂದ್ರ ಗಾಡಿ ಬದಿಯ ಪ್ಲಾಸ್ಟಿಕ್ ಹೊದಿಕಿಯಿಂದ, 25-30 ಮಿಮೀ ಹೊರಗ ಬಂದ್ರ ಸಾಕು. ಉದ್ದ ಆದಷ್ಟೂ ಕೇಡು: ಡಿವೈಡರ್ ಅಂಚಿಗೆ ಸಿಕ್ಕಿ, ಸುಮ್ನ ಜಾರಿ ಹೋಗೋ ಗಾಡಿ ಪಲ್ಟಿ ಹೊಡೀತದ. ಇನ್ನೊಂದು, ಉದ್ದ ಬೋಲ್ಟ್ ಹಾರಿಯಂಗ ಕೆಲಸ ಮಾಡಿ, ತಾನು ಬಗ್ಗೂದು ಬಿಟ್ಟು ಎಂಜಿನ್ ಕೂಡಿಸೋ ಕಿವಿಯನ್ನ ಸೀಳತದ. ಫೇರಿಂಗ್ ಉಳಿಸಾಕ ಹೋಗಿ ಎಂಜಿನ್ನಿನ ಗೂಡು, ಕ್ರ್ಯಾಂಕ್‌ಕೇಸ್, ಕಳಕೊಂಡಂಗ. ಅದಕ್ಕ ಎರಡು ಕಡೆ ಹಿಡಿಯೋ ಪಟ್ಟಿ ಇರೋ ಕಿಟ್ಟೇ ತಗೋ.

ಬೋಲ್ಟಿನ ತಲಿ ಮ್ಯಾಲೆ 10.9 ಅಂತ ಗಟ್ಟಿತನದ ಗುರುತು ಇರಬೇಕು. ಹೊಳೆಯೋ ಸ್ಟೇನ್‌ಲೆಸ್ ಎ2-70 ಎಳೆತಕ್ಕ ತಡೆಯೋದು 700 ಮೆಗಾಪಾಸ್ಕಲ್, ಇದು 1000. ಎಂಜಿನ್ ತಳದ ಎಣ್ಣಿ ಸಂಪಿನ ಕೆಳಗ ಕಟ್ಟಿಗಿ ತುಂಡು ಇಟ್ಟು ಜ್ಯಾಕ್ ಏರಿಸು. ಗಾಡಿ ಎತ್ತಬ್ಯಾಡ, ಎಂಜಿನ್ ಭಾರ ಹೊತ್ರ ಸಾಕು. ಒಂದು ಬದಿ ಎಂಜಿನ್ ಹಿಡಿದ ಹಳೇ ಬೋಲ್ಟ್ ತಗದು, ಅದೇ ಜಾಗದಾಗ ಸ್ಲೈಡರಿಂದು ಹಾಕಿ ಮುಗಿಸಿ ಇನ್ನೊಂದು ಮುಟ್ಟು. ಎರಡೂ ಒಮ್ಮೆಗೇ ಬಿಚ್ಚಿದ್ರ ಎಂಜಿನ್ ಚೂರು ಜಗ್ಗಿ, ಹೊಸ ಬೋಲ್ಟ್ ಓರೆ ಹೊಕ್ಕು ಥ್ರೆಡ್ ತಿಂತದ. ಮೊದಲ ನಾಕು ಸುತ್ತು ಬೆರಳಿನಿಂದಲೇ. ಅಲ್ಯುಮಿನಿಯಮ್ಮಿನ್ಯಾಗ 10 ಮಿಮೀ ಬೋಲ್ಟಿಗೆ 15 ಮಿಮೀ ಥ್ರೆಡ್ಡಾದ್ರೂ ಹಿಡದಿರಬೇಕು. ಬೋಲ್ಟ್ ಸಡಿಲಾಗದಂಗ ಹಿಡಿಯೋ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಹನಿ. ಎಷ್ಟು ಬಿಗೀಬೇಕು ಅನ್ನೋ ಟಾರ್ಕ್ ಅಂಕಿಯನ್ನ ಮ್ಯಾನ್ಯುಯಲಿನಿಂದ ತಗೋ, ಮೆಕ್ಯಾನಿಕನ ಭುಜದಿಂದಲ್ಲ. ಒಮ್ಮೆ ಬಿದ್ದ ಮ್ಯಾಲೆ ಬೋಲ್ಟ್ ಬಿಚ್ಚಿ ಗಾಜಿನ ಮ್ಯಾಲೆ ಉರುಳಸು. ಕುಣದ್ರ ಒಗಿ.

ಎಂಜಿನ್ ಬದಿಯ ಕವರಿಗೆ ಇನ್ನೊಂದು ಕವಚಾನೂ ಬೇಕು. ಎರಡೂ ಬದಿಗೆ ತೆಳ್ಳನ್ನ ಅಲ್ಯುಮಿನಿಯಂ, ಒಳಗ ಎಣ್ಣಿ. ಒಡದ್ರ ಎಣ್ಣಿ ಹಿಂದಿನ ಟೈರಿಗೆ, ಎದ್ದು ಹೊಂಟಾವ ಮತ್ತ ಬೀಳ್ತಾನ. ವರ್ಲ್ಡ್ ಸೂಪರ್‌ಬೈಕ್ ರೇಸಿನ್ಯಾಗ ಈ ಕವಚ ಕಡ್ಡಾಯ. ನಮ್ಮಲ್ಲಿ ಮಂದಿ ಮೊದಲು ಕೊಳ್ಳೋದು ಸ್ಟಿಕರ್.

ಇಲ್ಲೀತನಕ ಬರದದ್ದು ಮ್ಯಾಲಿಂದ ಓದಿದೆ. ಎಂಜಿನ್ ಕಿವಿ ಅದ, ಬೋಲ್ಟಿನ ತಲಿ ಅದ, ನಿನ್ನ ಕಿವಿ, ನಿನ್ನ ತಲಿ ಎಲ್ಲೂ ಇಲ್ಲ. ಸ್ಲೈಡರ್ ಕಾಯೋದು ಗಾಡೀನ್ನ. ಗಾಡಿ ಜಾರಿ ಒಂದು ಕಡೆ ಹೋದ್ರ ನೀ ಇನ್ನೊಂದು ಕಡೆ ಹೋಗ್ತೀ. ಮಳಿಯಾಗ ತಾಮ್ಹಿಣಿ ಘಾಟಿಗೆ ಹೋಗಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, 10.9 ಅಂದೆ. ರವಿವಾರ ನಿನಗ ಕಳಿಸಿದ ಮೆಸೇಜಿನ ಗೆರಿ ನೀಲಿ ಆಗೋತನಕ ಮಧ್ಯಾಹ್ನದ ನಿದ್ದಿ ಹತ್ತೂದಿಲ್ಲೋ ಮಾರಾಯಾ. ಇದನ್ನ ಎಲ್ಲಾರ ಮುಂದ ಬರೀಬಾರದಿತ್ತು, ನಿಮ್ಮಕ್ಕನೂ ಓದ್ತಾಳ.

ಇರಲಿ. ಹಳೇ ಬೋಲ್ಟ್ ಒಗೀಬ್ಯಾಡ, ಚಹಾಪುಡಿ ಡಬ್ಬ್ಯಾಗ ಇಡು. ನನ್ನ ಟಾರ್ಕ್ ರೆಂಚ್ ಒಯ್ಯಿ. ವಾಪಸ್ ತರೂಮುಂದ ಎಲ್ಲಕ್ಕಿಂತ ಸಣ್ಣ ಅಂಕಿಗೆ ಇಳಿಸಿ ತಾ, ಇಲ್ಲಂದ್ರ ಒಳಗಿನ ಸ್ಪ್ರಿಂಗ್ ಸೋಲ್ತದ. ಮತ್ತ ಅದ್ರಿಂದ ತೆಂಗಿನಕಾಯಿ ಒಡೀಬ್ಯಾಡ, ಆ ಸಲದ್ದೇ ಸಾಕು.

ನಿನ್ನ,
ವಾಷರ್ ಮಾಸ್ತರ