ಪದಕಕ್ಕೂ ಮೊದಲು ಆಟ ಬೇಕು

ಮಾನ್ಯ ಸಂಪಾದಕರೇ,

ಒಲಿಂಪಿಕ್ಸ್ ಮುಗಿದ ತಕ್ಷಣ ಎಲ್ಲರ ಕಣ್ಣು ಪದಕ ಪಟ್ಟಿಯ ಮೇಲೆ. ಆ ಪದಕಗಳ ಹಿಂದೆ ಎಷ್ಟು ವರ್ಷಗಳ ದುಡಿಮೆ ಇದೆ ಅನ್ನೋದನ್ನು ಮಾತ್ರ ಮರೆತುಬಿಡುತ್ತೇವೆ.

1976ರ ಮಾಂಟ್ರಿಯಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದು ಚಿನ್ನವೂ ಸಿಗಲಿಲ್ಲ. ಆ ನೋವಿನಿಂದಲೇ 1981ರಲ್ಲಿ ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾಯಿತು. ಬ್ರಿಟನ್ 1996ರಲ್ಲಿ ಗೆದ್ದಿದ್ದು ಒಂದೇ ಚಿನ್ನ. ಆಮೇಲೆ ಲಾಟರಿ ಹಣವನ್ನು ಕ್ರೀಡಾಪಟುಗಳ ತರಬೇತಿಗೆ ಸುರಿದರು. 2016ರ ರಿಯೊದಲ್ಲಿ 27 ಚಿನ್ನ ಬಂತು. ಇಪ್ಪತ್ತು ವರ್ಷ ಹಿಡಿಯಿತು, ನೋಡಿ.

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ನಾರ್ವೆಯ ದಾರಿ. ಅಲ್ಲಿ 11 ವರ್ಷದೊಳಗಿನ ಮಕ್ಕಳ ಪಂದ್ಯಗಳಲ್ಲಿ ಫಲಿತಾಂಶದ ಪಟ್ಟಿ, ರ‍್ಯಾಂಕ್ ಹಾಕುವಂತಿಲ್ಲ. ಮಗು ಸುಮ್ನೆ ಆಡಲಿ, ಗೆಳೆಯರ ಜೊತೆ ಇರಲಿ ಅನ್ನೋದು ಅವರ ನಿಯಮ. ಸುಮಾರು 54 ಲಕ್ಷ ಜನರ ಈ ಪುಟ್ಟ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು! ಹಿಮ, ಹಣ ಎರಡೂ ಅವರಿಗಿದೆ, ಒಪ್ಪುತ್ತೇನೆ. ಆದರೆ ಅಷ್ಟೇ ಅಲ್ಲ.

ಮಕ್ಕಳ ಓಟದ ಸ್ಪರ್ಧೆಯೊಂದರಲ್ಲಿ ನಾನು ಕಂಡಿದ್ದು ಇದು. ನಾಲ್ಕನೆಯವಳಾಗಿ ಗೆರೆ ದಾಟಿದ ಹುಡುಗಿ ಏದುಸಿರು ಬಿಡುತ್ತಲೇ ಮೊದಲು ನೋಡಿದ್ದು ಅಪ್ಪನ ಮುಖವನ್ನು. ಅಪ್ಪ ಮುಖ ತಿರುಗಿಸಿಕೊಂಡರು. ಅವಳು ಶೂ ಲೇಸ್ ಬಿಚ್ಚುತ್ತಾ ತುಂಬಾ ಹೊತ್ತು ತಲೆ ಎತ್ತಲೇ ಇಲ್ಲ. ಇಂಥ ಎಷ್ಟು ಮಕ್ಕಳು ಹದಿನೈದು ತುಂಬುವ ಮೊದಲೇ ಮೈದಾನ ಬಿಡುತ್ತಾರೋ! ಯಾರು ಯಾವಾಗ ಅರಳುತ್ತಾರೆ ಅಂತ ಹತ್ತನೇ ವಯಸ್ಸಿನಲ್ಲಿ ಹೇಳೋಕಾಗಲ್ಲ, ಅಲ್ವಾ? ಕ್ರೀಡಾ ಯೋಜನೆ ಮಾಡುವವರು ಪದಕದ ಗುರಿ ಬರೆಯುವ ಮೊದಲು, ಎಷ್ಟು ಮಕ್ಕಳು ಆಟದಲ್ಲಿ ಉಳಿದಿದ್ದಾರೆ ಅನ್ನೋದನ್ನು ಎಣಿಸಲಿ.

– ಒಬ್ಬ ಓದುಗ