ಪೆನಾಲ್ಟಿಯಲ್ಲಿ ಗುರಿ ತಪ್ಪಿದ ಮಗಳಿಗೆ

ಮೂಡಿಗೆರೆ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಅಳುತ್ತಲೇ ಇದ್ದೆ, ನಾನು ಹೇಳಬೇಕಾದ್ದು ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೊಡೆದ ಪೆನಾಲ್ಟಿ ಹೊರಗೆ ಹೋಯಿತು, ಕಾಲೇಜು ಫುಟ್‌ಬಾಲ್ ತಂಡ ಸೋತಿತು, ಎರಡೂ ನಿಜ. ಆದರೆ 'ನನ್ನಿಂದಲೇ ಸೋತ್ವಿ ಅಪ್ಪಾ' ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಆಸ್ಟ್ರೇಲಿಯಾದವರ ಕತೆ ಹೇಳುತ್ತೇನೆ, ಕೇಳು. ಆಗ ಅವರು ಓಷಿಯಾನಿಯಾದ, ಅಂದರೆ ನ್ಯೂಜಿಲೆಂಡ್, ಪೆಸಿಫಿಕ್ ದ್ವೀಪಗಳಿರುವ ಭಾಗದ ತಂಡ. ಆ ಭಾಗಕ್ಕೆ ವಿಶ್ವಕಪ್‌ನಲ್ಲಿ ನೇರ ಜಾಗವೇ ಇರಲಿಲ್ಲ. ಅಲ್ಲಿ ಗೆದ್ದವರು ಬೇರೆ ಖಂಡದ ತಂಡದ ಜೊತೆ ಪ್ಲೇ-ಆಫ್ ಆಡಬೇಕಿತ್ತು. ಎದುರಾಳಿಯ ಊರಲ್ಲೊಂದು ಪಂದ್ಯ, ತಮ್ಮೂರಲ್ಲೊಂದು ಪಂದ್ಯ. ಅಷ್ಟರಲ್ಲೇ ಎಲ್ಲ ತೀರ್ಮಾನ.

1997ರ ನವೆಂಬರ್‌ನಲ್ಲಿ ಇರಾನ್ ಎದುರಾಯಿತು. ಟೆಹ್ರಾನ್‌ನಲ್ಲಿ 1-1. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ 2-0 ಮುಂದಿತ್ತು. ಅವರ ಆಟಗಾರ ಹ್ಯಾರಿ ಕ್ಯೂವೆಲ್‌ಗೆ ಆಗ 19 ವರ್ಷ, ನಿನ್ನದೇ ವಯಸ್ಸು. ಎರಡೂ ಪಂದ್ಯದಲ್ಲಿ ಗೋಲು ಹೊಡೆದಿದ್ದ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಇರಾನ್ ಎರಡು ಗೋಲು ಹೊಡೆದು ಸಮ ಮಾಡಿತು. ಎರಡೂ ಪಂದ್ಯದ ಗೋಲು ಸೇರಿಸಿ ಸಮವಾದರೆ, ಎದುರಾಳಿಯ ನೆಲದಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದೆ ಎನ್ನುವ ನಿಯಮ ಆಗ ಇತ್ತು. ಹಾಗಾಗಿ ಇರಾನ್ ವಿಶ್ವಕಪ್‌ಗೆ ಹೋಯಿತು. ಆ ಸಲದ ಅರ್ಹತಾ ಸುತ್ತಿನಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ ಹೊರಗೆ ಉಳಿಯಿತು. ಕ್ಯೂವೆಲ್ ಇನ್ನೇನು ಮಾಡಬೇಕಿತ್ತು ಹೇಳು?

2001ರಲ್ಲಿ ಉರುಗ್ವೆ ಎದುರು ಮತ್ತೆ ಸೋತರು.

2005ರಲ್ಲೂ ಅದೇ ಉರುಗ್ವೆ. ಅವರ ಊರು ಮಾಂಟೆವಿಡಿಯೊದಲ್ಲಿ ಡಾರಿಯೊ ರೊಡ್ರಿಗಸ್ ಹೊಡೆದ ಒಂದು ಗೋಲಿನಿಂದ ಉರುಗ್ವೆ ಗೆದ್ದಿತು. ನಾಲ್ಕು ದಿನ ಬಿಟ್ಟು, ನವೆಂಬರ್ 16ಕ್ಕೆ, ಸಿಡ್ನಿಯಲ್ಲಿ ಎರಡನೇ ಪಂದ್ಯ. ನೋಡಲು 80 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಆಸ್ಟ್ರೇಲಿಯಾದ ಕೋಚ್ ಗುಸ್ ಹಿಡಿಂಕ್ ಅರ್ಧ ಗಂಟೆ ಕಳೆದ ಕೂಡಲೇ ಒಬ್ಬ ಡಿಫೆಂಡರನ್ನು ಹೊರಗೆ ಕರೆದು ಕ್ಯೂವೆಲ್‌ನನ್ನು ಇಳಿಸಿದ. ಎಂಥ ಧೈರ್ಯ ನೋಡು. ಸ್ವಲ್ಪ ಹೊತ್ತಿಗೇ ಆಸ್ಟ್ರೇಲಿಯಾದ ಬ್ರೆಶಿಯಾನೊ ಗೋಲು ಹೊಡೆದ. ಎರಡೂ ಪಂದ್ಯ ಸೇರಿ 1-1. ಆಮೇಲೆ ಹೆಚ್ಚುವರಿ ಸಮಯ ಮುಗಿದರೂ ಇನ್ನೊಂದು ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್.

ಇಲ್ಲಿಂದ ನಿಧಾನವಾಗಿ ಓದು. ಕ್ಯೂವೆಲ್ ಹೊಡೆದದ್ದು ಒಳಗೆ ಹೋಯಿತು. ಮಾಂಟೆವಿಡಿಯೊದಲ್ಲಿ ಗೆಲ್ಲಿಸಿದ ಅದೇ ರೊಡ್ರಿಗಸ್ ಹೊಡೆದದ್ದನ್ನು ಆಸ್ಟ್ರೇಲಿಯಾದ ಗೋಲ್‌ಕೀಪರ್ ಶ್ವಾರ್ಜರ್ ತಡೆದ. ಆಸ್ಟ್ರೇಲಿಯಾದ ನಾಲ್ಕನೆಯ ಸರದಿ ಕ್ಯಾಪ್ಟನ್ ಮಾರ್ಕ್ ವಿಡುಕಾನದು. ಅವನದು ಗೋಲಿನ ಪಕ್ಕದಲ್ಲಿ ಹೊರಗೆ ಹೋಯಿತು. ನಿನ್ನದು ಹೋಯಿತಲ್ಲ, ಹಾಗೇ. ಅವನ ಬೆನ್ನಿಗೇ ಬಂದ ಉರುಗ್ವೆಯ ಸಲಯೇಟಾ ಹೊಡೆದದ್ದನ್ನು ಶ್ವಾರ್ಜರ್ ಮತ್ತೆ ತಡೆದ. ಕೊನೆಗೆ ಅಲೋಯಿಸಿ ಗೋಲು ಹೊಡೆದ, 4-2. 1974ರ ನಂತರ ಮೊದಲ ಸಲ ಆಸ್ಟ್ರೇಲಿಯಾ ವಿಶ್ವಕಪ್‌ಗೆ ಹೋಯಿತು. ಮರುವರ್ಷ ಜರ್ಮನಿಯಲ್ಲಿ ಕ್ಯಾಪ್ಟನ್ ಯಾರು? ಅದೇ ವಿಡುಕಾ.

ನಿನಗೂ ಅವನಿಗೂ ಇರುವ ವ್ಯತ್ಯಾಸ ಇಷ್ಟೇ. ಅವನ ಹಿಂದೆ ಶ್ವಾರ್ಜರ್ ಒಂದು ತಡೆದ. ನಿನ್ನ ಹಿಂದೆ ಯಾರೂ ತಡೆಯಲಿಲ್ಲ. ಅದು ನಿನ್ನ ಕಾಲಿನಲ್ಲಿತ್ತಾ? ಇಡೀ ಪಂದ್ಯದಲ್ಲಿ ನಿಮಗೆ ಒಂದೂ ಗೋಲು ಬರಲಿಲ್ಲ ಅಂದೆ. ಆ ಲೆಕ್ಕ ಹನ್ನೊಂದು ಜನರದು, ಒಬ್ಬಳ ತಲೆಗೆ ಕಟ್ಟುವುದು ಅನ್ಯಾಯ. ಅದನ್ನು ನೀನೇ ನಿನಗೆ ಮಾಡಿಕೊಂಡರೂ ಅನ್ಯಾಯವೇ.

2025ರ ಜುಲೈನಲ್ಲಿ ನಮ್ಮ ಹುಡುಗಿಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ಎದುರು ಆಡಿದ್ದು ನೆನಪಿದೆ ಅಲ್ವಾ? ಗೆದ್ದವರಿಗೆ ಮಾತ್ರ ಮಹಿಳಾ ಏಷ್ಯನ್ ಕಪ್‌ನಲ್ಲಿ ಆಡುವ ಅವಕಾಶ. ಥಾಯ್ಲೆಂಡ್ ಅಂದರೆ ಎರಡು ವಿಶ್ವಕಪ್ ಆಡಿದ ತಂಡ. ಸಂಗೀತಾ ಬಾಸ್‌ಫೋರ್ ಗೋಲು ಹೊಡೆದಳು, ವಿರಾಮ ಮುಗಿದ ಕೂಡಲೇ ಥಾಯ್ಲೆಂಡ್ ಸಮ ಮಾಡಿತು, ಸಂಗೀತಾ ಇನ್ನೊಂದು ಹೊಡೆದು 2-1 ಮಾಡಿದಳು. ನಾನು ಮನೆಯಲ್ಲಿ ಕೂಗಿದ್ದು ಪಕ್ಕದ ತೋಟದವರಿಗೂ ಕೇಳಿರಬೇಕು. ಆ ಸಮದ ಗೋಲು ಯಾರ ತಪ್ಪಿನಿಂದ ಬಂತು, ಹೇಳು ನೋಡೋಣ. ನನಗಂತೂ ನೆನಪಿಲ್ಲ.

ಇಲ್ಲಿ ಅರೇಬಿಕಾ ಕುಯ್ಯುವುದು ಶುರುವಾಗಿದೆ, ಅದು ಮುಗಿಯುವವರೆಗೆ ನಾನು ಅಲ್ಲಿಗೆ ಬರಲು ಆಗುವುದಿಲ್ಲ. ಮುಂದಿನ ಪಂದ್ಯದಲ್ಲಿ ಪೆನಾಲ್ಟಿ ಸಿಕ್ಕರೆ ಕೋಚ್ ಹತ್ತಿರ ನೀನೇ ಹೋಗಿ ಕೇಳು. ಅಮ್ಮ ಚಕ್ಕುಲಿ ಕಟ್ಟಿಕೊಟ್ಟಿದ್ದಾಳೆ, ಶನಿವಾರ ಬಸ್ಸಿನಲ್ಲಿ ಕಳಿಸುತ್ತೇನೆ. ನಿಮ್ಮ ಗೋಲ್‌ಕೀಪರ್ ಹುಡುಗಿಗೂ ಮರೆಯದೆ ಕೊಡು. ಅವಳ ಹತ್ತಿರ ಯಾರಾದರೂ ಮಾತಾಡಿದರಾ? ಅವಳೂ ನಿನ್ನ ಹಾಗೇ ಅಳುತ್ತಿರಬಹುದು.

ಇಂತಿ,
ನಿನ್ನ ಅಪ್ಪ